ಅಜ್ಜಿಗೊಂದು ಬೂದು ಗಿಳಿ: ‘ಹಳೇಮನೆ ಬಳಗ’ದಲ್ಲಿ ಒಂದು ಶುಕ್ರವಾರ

(ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂಬುದು ನಿವೃತ್ತ ಮೇಷ್ಟರಾದ ದೊಡ್ಡಪ್ಪನವರ ಕಟ್ಟಪ್ಪಣೆ. ಬರಿಯ ಹೆಬ್ಬೆರಳಿನ ಚಿತ್ರ ಹಾಕಿದವರೂ ಬೈಸಿಕೊಂಡಿದ್ದಾರೆ. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಇವೆ.)

ರಾಜಾಜಿನಗರ ಚಿಕ್ಕಪ್ಪ, ಬೆಳಿಗ್ಗೆ 9:12
(ವಿಡಿಯೊ) ‘ಆಫ್ರಿಕನ್ ಗ್ರೇ ಮರಿ. ವಯಸ್ಸು 45 ದಿನ. ಕೈತುತ್ತು ತಿನ್ನುತ್ತದೆ. ಮೂರು ತಿಂಗಳಲ್ಲಿ ಕನ್ನಡ ಮಾತನಾಡುವುದು ಗ್ಯಾರಂಟಿ. 48,000 ರೂ. ಪಂಜರ ಉಚಿತ. ಬೆಂಗಳೂರಿನೊಳಗೆ ಮನೆಗೇ ತಲುಪಿಸಲಾಗುವುದು.’

ರಾಜಾಜಿನಗರ ಚಿಕ್ಕಪ್ಪ, 9:15
ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಲ್ಲೇಶ್ವರದ ಮನೆಯಲ್ಲಿ, ಅಕ್ಕ ಬ್ಯಾಂಕಿಗೆ ಹೊರಟ ಕ್ಷಣದಿಂದ ಸಂಜೆ ಆರರವರೆಗೆ, ಗೋಡೆ ನೋಡಿಕೊಂಡು ಕುಳಿತಿರುತ್ತಾರೆ. ಟಿವಿ ಹಾಕಿದರೂ ನೋಡುವುದಿಲ್ಲ. ಮಾತಿಗೆ ಮಾತು ಕೊಡುವ ಒಂದು ಜೀವ ಮನೆಯಲ್ಲಿದ್ದರೆ ಅವರ ಮನಸ್ಸು ಸ್ವಲ್ಪ ಹಗುರಾಗುತ್ತದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಾವು ನಾಲ್ವರು ಒಡಹುಟ್ಟಿದವರು ತಲಾ 12,000 ಹಾಕಿದರೆ ಸಾಕು. ಇಂದೇ ಮುಂಗಡ ಕೊಟ್ಟರೆ ಮಾತ್ರ ಹಿಡಿದಿಡುತ್ತೇನೆ ಎಂದು ಮಾರುವವನು ಹೇಳುತ್ತಿದ್ದಾನೆ.

ಮಲ್ಲೇಶ್ವರ ಅತ್ತೆ, 9:31
ನನಗೆ ಒಪ್ಪಿಗೆ ಇದೆ. ನಾವು ಚಿಕ್ಕವರಿದ್ದಾಗ ಹಿತ್ತಲ ಬಾಗಿಲ ಬಳಿ ಪಂಜರದಲ್ಲಿ ಹಸಿರು ಗಿಳಿ ಇತ್ತಲ್ಲ, ಅದಕ್ಕೆ ಯಾರು ಏನು ಆರೈಕೆ ಮಾಡಿದ್ದರು? ನೆನೆಸಿದ ಕಡಲೆಬೇಳೆ, ಒಂದು ಹಸಿಮೆಣಸಿನಕಾಯಿ, ಅಷ್ಟೇ.

ಬಸವನಗುಡಿ ದೊಡ್ಡಪ್ಪ, 9:48
ಆ ಹಸಿರು ಗಿಳಿ ಎಷ್ಟು ವರ್ಷ ಬದುಕಿತು ಎಂಬುದನ್ನು ನೀನು ಮರೆತಂತಿದೆ. ಎರಡನೆಯ ಮಳೆಗಾಲ ಕಾಣಲಿಲ್ಲ. ಅಲ್ಲದೆ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಗಿಳಿಗೂ ಕಾನೂನು ಇದೆ ಎಂದು ಕೇಳಿದ್ದೇನೆ. ವಿಜಯನಗರದವಳು ಹೇಳಲಿ, ಅವಳ ಮನೆಯಲ್ಲಿ ಇದೇ ಜಾತಿಯದು ಇದೆಯಲ್ಲ.

ನಾನು, 10:26
ಚಿಕ್ಕಪ್ಪ, ನೀವು ಅಜ್ಜಿಯ ಬಗ್ಗೆ ಯೋಚಿಸಿದ್ದು ನನಗೆ ಅರ್ಥವಾಗುತ್ತದೆ, ಆದ್ದರಿಂದ ಬೇಸರ ಮಾಡಿಕೊಳ್ಳದೆ ಓದಿ. ದಯವಿಟ್ಟು ಮುಂಗಡ ಕೊಡಬೇಡಿ.

ಮೊದಲು ವಿಡಿಯೊವನ್ನೇ ಇನ್ನೊಮ್ಮೆ ನೋಡಿ. ಹಕ್ಕಿ ಕ್ಯಾಮೆರಾದ ಕಡೆ ತಿರುಗುವಾಗ ಅದರ ಕಣ್ಣು ಹಳದಿಯಾಗಿ ಕಾಣುತ್ತದೆ. ಈ ಜಾತಿಯ ಮರಿಯ ಕಣ್ಣು ಕಪ್ಪಾಗಿರುತ್ತದೆ, ಆಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹಳದಿಯಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಅಂದರೆ ವಿಡಿಯೊದಲ್ಲಿ ‘ಊಟ ಆಯ್ತಾ’ ಎನ್ನುತ್ತಿರುವುದು ಮಾರಾಟಕ್ಕಿರುವ ಮರಿಯಲ್ಲ. ಮೂರು ತಿಂಗಳಿಗೆ ಮಾತನಾಡುವ ಮಾತಂತೂ ದೂರವೇ ಉಳಿಯಿತು, ಬೂದು ಗಿಳಿಗಳು ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಸ್ಪಷ್ಟ ಪದ ಹೊರಡಿಸಿದರೆ ಹೆಚ್ಚು. ಇನ್ನು 45 ದಿನದ ಮರಿ ಎಂದರೆ ಗರಿ ಪೂರ್ತಿ ಬಂದಿರದ ಕೂಸು. ಅದಕ್ಕೆ ದಿನಕ್ಕೆ ಹಲವು ಸಲ ಹದವಾದ ಬಿಸಿಯ ಗಂಜಿಯನ್ನು ಸಿರಿಂಜಿನಲ್ಲಿ ಕುಡಿಸಬೇಕು. ತಣ್ಣಗಾದರೆ ಗಂಟಲ ಚೀಲದಲ್ಲಿ ಹುಳಿಯುತ್ತದೆ, ಬಿಸಿ ಹೆಚ್ಚಾದರೆ ಒಳಗೇ ಸುಡುತ್ತದೆ. ಇದನ್ನು ಕೈ ನಡುಗುವ ಅಜ್ಜಿಯ ಕೈಗೆ ಕೊಡುತ್ತೀರಾ?

ನಾನು, 10:39
ದೊಡ್ಡಪ್ಪ ಕೇಳಿದ ಕಾನೂನಿನ ಮಾತು: ಈ ಗಿಳಿಯ ನಾಡು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡು. ಹಿಡಿದು ಮಾರುವವರ ಕಾಟ, ಕಾಡಿನ ನಾಶ ಎರಡೂ ಸೇರಿ, ಘಾನಾ ದೇಶದಲ್ಲಿ 1992ರಿಂದೀಚೆಗೆ ಇವುಗಳ ಸಂಖ್ಯೆ ಶೇ. 90ರಿಂದ 99ರಷ್ಟು ಇಳಿದಿದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ಇದನ್ನು ಅತಿ ಬಿಗಿಯಾದ ಒಂದನೆಯ ಪಟ್ಟಿಗೆ ಸೇರಿಸಿತು. 2017ರ ಜನವರಿಯಿಂದ ಅದು ಜಾರಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಆ ಪಟ್ಟಿಯ ಜೀವಿಗಳೂ ಅದರೊಳಗೆ ಬಂದವು, 2024ರ ಫೆಬ್ರುವರಿಯಲ್ಲಿ ನೋಂದಣಿಯ ನಿಯಮಗಳು ಬಂದವು. ನಾನು ನಮ್ಮ ಗಿಳಿ ಬೂದನನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಿದ್ದು ಆಗಲೇ. ಇಂಥ ಹಕ್ಕಿಯನ್ನು ಮರಿ ಮಾಡಿಸಿ ಮಾರುವವನ ಬಳಿ ಪರವಾನಗಿ ಇರಬೇಕು. ಚಿಕ್ಕಪ್ಪ, ಅವನನ್ನು ಪರವಾನಗಿಯ ಪ್ರತಿ ಕಳುಹಿಸಲು ಕೇಳಿ.

ರಾಜಾಜಿನಗರ ಚಿಕ್ಕಪ್ಪ, 11:20
ಕೇಳಿದೆ. ‘ಸರ್, ಮನೆ ಗಿಳಿಗೆ ಯಾವ ಪೇಪರ್ರೂ ಬೇಡ’ ಎಂದ. ಇನ್ನೊಬ್ಬನ ಬಳಿ, ಕಾಗದಪತ್ರ ಇರುವ ಕಡೆಯೇ ಕೊಳ್ಳೋಣ, ಬೆಲೆ ಹೆಚ್ಚಾದರೂ ಪರವಾಗಿಲ್ಲ. ಆದರೆ ಪುಟ್ಟಿ, ಒಂದು ಮಾತು ಕೇಳುತ್ತೇನೆ. ನೀನು ಹತ್ತು ವರ್ಷದಿಂದ ಸಾಕುತ್ತಿದ್ದೀಯೆ, ಅದರ ವಿಡಿಯೊಗಳನ್ನು ಇದೇ ಗುಂಪಿಗೆ ಹಾಕಿ ನಮ್ಮನ್ನೆಲ್ಲ ನಗಿಸಿದ್ದೀಯೆ. ನಿನಗೆ ಆಗುವುದು ನನ್ನ ತಾಯಿಗೆ ಏಕೆ ಆಗಬಾರದು? ಅಮೆರಿಕದಲ್ಲಿ ಅಲೆಕ್ಸ್ ಎಂಬ ಇದೇ ಜಾತಿಯ ಗಿಳಿ ನೂರು ಪದ ಕಲಿತು, ಬಣ್ಣ, ಆಕಾರ ಗುರುತಿಸಿ, ಆರರವರೆಗೆ ಎಣಿಸುತ್ತಿತ್ತು ಎಂದು ನೀನೇ ಒಮ್ಮೆ ಬರೆದಿದ್ದೆ.

ನಾನು, 12:05
ಈ ಪ್ರಶ್ನೆ ನ್ಯಾಯವಾದದ್ದು. ನಗಿಸುವ ವಿಡಿಯೊಗಳನ್ನು ಮಾತ್ರ ಹಾಕಿದ್ದು ನನ್ನ ತಪ್ಪು.

ಬೂದನನ್ನು ನಾನು ಕೊಳ್ಳಲಿಲ್ಲ. ಪಕ್ಕದ ಮನೆಯವರು ವಿದೇಶಕ್ಕೆ ಹೊರಟಾಗ ಪಂಜರ ಸಮೇತ ನಮ್ಮ ಬಾಗಿಲಿಗೆ ಬಂತು. ಅವರು ಹಾಕುತ್ತಿದ್ದ ಸೂರ್ಯಕಾಂತಿ ಬೀಜವನ್ನೇ ನಾನೂ ಹಾಕಿದೆ. ಎರಡನೆಯ ವರ್ಷ ಒಂದು ಬೆಳಿಗ್ಗೆ, ನಾನು ಕಾಫಿ ಬೆರೆಸುತ್ತಿದ್ದಾಗ, ದಪ್ಪೆಂದು ಸದ್ದಾಯಿತು. ಬೂದ ಕೂರುಗೋಲಿನಿಂದ ಪಂಜರದ ತಳಕ್ಕೆ ಬಿದ್ದು, ಬೆರಳುಗಳನ್ನು ಮುಷ್ಟಿ ಬಿಗಿದಂತೆ ಮಡಿಚಿ, ಒಂದೇ ರೆಕ್ಕೆಯನ್ನು ನೆಲಕ್ಕೆ ಬಡಿಯುತ್ತಿತ್ತು. ರಕ್ತ ಪರೀಕ್ಷೆ ಮಾಡಿದ ಪಶುವೈದ್ಯರು ಕ್ಯಾಲ್ಸಿಯಂ ತೀರ ಇಳಿದಿದೆ ಎಂದರು. ಈ ಜಾತಿಗೆ ಇದು ಬೇಗ ಬರುವ ಕಾಯಿಲೆಯಂತೆ. ಬರಿಯ ಬೀಜದಲ್ಲಿ ಕ್ಯಾಲ್ಸಿಯಮ್ಮೂ ಇಲ್ಲ, ಎ ಜೀವಸತ್ವವೂ ಇಲ್ಲ, ಕಿಟಕಿಯ ಗಾಜು ದಾಟಿ ಬರುವ ಬಿಸಿಲು ಬಿಸಿಲೇ ಅಲ್ಲ. ಅಂದಿನಿಂದ ಅದರ ತಟ್ಟೆಯಲ್ಲಿ ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಪೆಲೆಟ್ ಎಂಬ ಸಿದ್ಧ ಆಹಾರದ ಗುಳಿಗೆ ಇರುತ್ತವೆ. ಬೀಜ ಬಹುಮಾನಕ್ಕೆ ಮಾತ್ರ. ಈ ಬದಲಾವಣೆಗೆ ಅದನ್ನು ಒಪ್ಪಿಸಲು ಐದು ತಿಂಗಳು ಹಿಡಿಯಿತು, ಅಷ್ಟು ದಿನವೂ ಕ್ಯಾರೆಟನ್ನು ನನ್ನ ಮುಖಕ್ಕೇ ಎಸೆಯುತ್ತಿತ್ತು.

ಆಮೇಲೆ ಲಾಕ್‌ಡೌನ್ ಬಂತು, ನಾನು ದಿನವಿಡೀ ಮನೆಯಲ್ಲಿದ್ದೆ, ಬೂದನಿಗೆ ಅದೇ ಸುವರ್ಣಯುಗ. ಕಚೇರಿ ಮತ್ತೆ ತೆರೆದು ನಾನು ಹತ್ತು ಗಂಟೆ ಹೊರಗಿರಲು ತೊಡಗಿದ ಮೂರನೆಯ ವಾರ ಅದು ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲಾರಂಭಿಸಿತು. ನಾನು ವಿಡಿಯೊದಲ್ಲಿ ಯಾವಾಗಲೂ ಅದರ ಮುಖವನ್ನಷ್ಟೇ ತೋರಿಸುವುದನ್ನು ನೀವು ಗಮನಿಸಿಲ್ಲ. ಎದೆಯಲ್ಲಿ ಇಂದಿಗೂ ಅಂಗೈಯಗಲ ಬೋಳಿದೆ, ಸುಲಿದ ಕೋಳಿಯ ಚರ್ಮದಂತೆ.

ಅಲೆಕ್ಸ್‌ನ ಮಾತಿಗೆ ಬಂದರೆ, ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅದನ್ನು 1977ರಲ್ಲಿ ಅಂಗಡಿಯಿಂದಲೇ ಕೊಂಡರು, ನಿಜ. ಆದರೆ ಕಲಿಸಿದ ಬಗೆ ನೋಡಿ: ಇಬ್ಬರು ಮನುಷ್ಯರು ಅದರ ಮುಂದೆ ಕುಳಿತು ಒಬ್ಬರನ್ನೊಬ್ಬರು ‘ಇದು ಯಾವ ಬಣ್ಣ’ ಎಂದು ಕೇಳಿ ಉತ್ತರಿಸುತ್ತಿದ್ದರು, ಅದನ್ನು ನೋಡಿ ನೋಡಿ ಗಿಳಿ ನಡುವೆ ಬಾಯಿ ಹಾಕುತ್ತಿತ್ತು. ಇಬ್ಬರು ಮಾತನಾಡುವ ಮನೆಯಲ್ಲಿ ಅದು ಮಾತು ಕಲಿಯುತ್ತದೆ. ಯಾರೂ ಮಾತನಾಡದ ಮನೆಯಲ್ಲಿ ಏನು ಕಲಿಯುತ್ತದೆ? ನಮ್ಮ ಬೂದ ದಿನವಿಡೀ ಒಂಟಿಯಾಗಿದ್ದಾಗ ಕಲಿತದ್ದು ನಮ್ಮ ಕಟ್ಟಡದ ಹಳೆಯ ಲಿಫ್ಟಿನ ‘ಪ್ಲೀಸ್ ಕ್ಲೋಸ್ ದ ಡೋರ್’. ಬೆಳಗಿನ ಐದೂವರೆಗೆ ಅದೇ ರಾಗದಲ್ಲಿ ಶುರುವಾಗುತ್ತದೆ. ಕೆಳಮನೆಯವರು ಎರಡು ಬಾರಿ ಲಿಫ್ಟ್ ನೋಡಲು ಹೋಗಿದ್ದಾರೆ.

ಮಲ್ಲೇಶ್ವರ ಅತ್ತೆ, 12:40
ಬೋಳು ಎದೆಯ ವಿಷಯ ನೀನು ಹೇಳಲೇ ಇಲ್ಲವಲ್ಲ ಮಗು. ಆದರೂ ನಮ್ಮಲ್ಲಿ ಅಮ್ಮ ಇಡೀ ದಿನ ಮನೆಯಲ್ಲೇ ಇರುತ್ತಾರೆ, ಹಕ್ಕಿ ಒಂಟಿಯಾಗುವ ಪ್ರಶ್ನೆಯೇ ಬರುವುದಿಲ್ಲ.

ನಾನು, 12:58
ಅದು ಒಪ್ಪತಕ್ಕ ಮಾತು, ಅತ್ತೆ. ಹೊತ್ತಿನ ವಿಷಯದಲ್ಲಿ ಅಜ್ಜಿ ನನಗಿಂತ ಯೋಗ್ಯರು. ಅಡ್ಡ ಬರುವುದು ಅಜ್ಜಿಯ ದಮ್ಮು. ಈ ಗಿಳಿಯ ಮೈಯಿಂದ ಟಾಲ್ಕಂ ಪೌಡರಿನಂಥ ಬಿಳಿ ಪುಡಿ ಸದಾ ಉದುರುತ್ತದೆ. ಬೆಳಿಗ್ಗೆ ಒರೆಸಿದ ಕಪ್ಪು ಟಿವಿಯ ಮೇಲೆ ಸಂಜೆ ಹೆಸರು ಬರೆಯಬಹುದು. ದಿನಕ್ಕೆ ಎರಡು ಸಲ ಇನ್‌ಹೇಲರ್ ಎಳೆಯುವವರ ಮಲಗುವ ಕೋಣೆಯ ಪಕ್ಕದಲ್ಲಿ ಇದು ಇರಬೇಕೆ? ಅದೇ ರೀತಿ ಅಜ್ಜಿಯ ಮನೆ ಹಕ್ಕಿಗೂ ಆಗಿಬರುವುದಿಲ್ಲ. ಶುಕ್ರವಾರದ ಸಾಂಬ್ರಾಣಿ, ಎರಡು ಹೊತ್ತಿನ ಊದುಬತ್ತಿ ಅದರ ಶ್ವಾಸಕ್ಕೆ ಕೆಟ್ಟದ್ದು. ನಾನ್‌ಸ್ಟಿಕ್ ತವಾ ಕಾದು ಹೊಗೆಯಾಡಿದರೆ ಮನುಷ್ಯರಿಗೆ ವಾಸನೆಯೂ ಬರುವ ಮೊದಲೇ ಹಕ್ಕಿ ಸತ್ತಿರುತ್ತದೆ. ಬೆಣ್ಣೆಹಣ್ಣು ವಿಷ, ಚಾಕೊಲೇಟ್ ವಿಷ, ಕಾಫಿ ಕೂಡದು. ದೀಪಾವಳಿಯ ಮೂರು ರಾತ್ರಿ ನಾನು ಪಂಜರಕ್ಕೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತೇನೆ.

ಅಜ್ಜಿ, ಮಧ್ಯಾಹ್ನ 2:10
ಬೆಳಿಗ್ಗೆಯಿಂದ ಎಲ್ಲವನ್ನೂ ಓದುತ್ತಿದ್ದೇನೆ. ನಾನೂ ಈ ಗುಂಪಿನಲ್ಲಿ ಇದ್ದೇನೆ ಎಂಬುದು ನಿಮಗೆ ಜ್ಞಾಪಕ ಇದ್ದಂತಿಲ್ಲ. ನನ್ನ ದಮ್ಮು, ನನ್ನ ಕೈನಡುಕ, ನನ್ನ ಸಾಂಬ್ರಾಣಿ ಎಲ್ಲದರ ಲೆಕ್ಕ ಆಯಿತು, ನನಗೆ ಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ನನಗೆ ಬೇಕು. ಸಾಂಬ್ರಾಣಿ ಬಿಡುತ್ತೇನೆ. ನಿಮ್ಮ ನಾಲ್ವರನ್ನು ಸಾಕಿದವಳಿಗೆ ಒಂದು ಹಕ್ಕಿಗೆ ಕ್ಯಾರೆಟ್ ಹೆಚ್ಚುವುದು ಕಷ್ಟವಲ್ಲ.

ರಾಜಾಜಿನಗರ ಚಿಕ್ಕಪ್ಪ, 2:14
ಇನ್ನೇನು ಬೇಕು? ಅಮ್ಮನೇ ಹೇಳಿದರಲ್ಲ.

ನಾನು, 2:51
ಅಜ್ಜಿ, ಕೇಳದೆ ಮಾತನಾಡಿದ್ದಕ್ಕೆ ಕ್ಷಮಿಸಿ. ನಿಮಗೆ ನೇರವಾಗಿಯೇ ಹೇಳುತ್ತೇನೆ. ಚೆನ್ನಾಗಿ ನೋಡಿಕೊಂಡರೆ ಈ ಗಿಳಿ 40ರಿಂದ 60 ವರ್ಷ ಬದುಕುತ್ತದೆ. ಹಚ್ಚಿಕೊಂಡವರು ಇಲ್ಲದಾದಾಗ ಅದು ಊಟ ಬಿಡುತ್ತದೆ, ಗರಿ ಕೀಳುತ್ತದೆ, ಹೊಸಬರ ಕೈಗೆ ಕಚ್ಚುತ್ತದೆ. ಅರ್ಧ ಕೆಜಿಯೂ ತೂಗದ ಹಕ್ಕಿಯ ಕೊಕ್ಕು ಬಾದಾಮಿಯ ಚಿಪ್ಪು ಒಡೆಯುವಂಥದ್ದು. ನನಗೀಗ 38, ಬೂದ ನನ್ನ ನಂತರವೂ ಇರಬಹುದೆಂದು ತಂಗಿಯ ಮಗಳ ಒಪ್ಪಿಗೆಯನ್ನು ಈಗಲೇ ಪಡೆದಿದ್ದೇನೆ. ಇಂದು ಮರಿ ತಂದರೆ ಅದನ್ನು ಕೊನೆಯವರೆಗೆ ಸಾಕುವವರು ಯಾರು ಎಂಬುದನ್ನು ಹಣ ಹಾಕುವ ನಾಲ್ವರಲ್ಲಿ ಒಬ್ಬರು ಇಲ್ಲಿ ಬರೆದು ಒಪ್ಪಿಕೊಳ್ಳಲಿ.

ರಾಜಾಜಿನಗರ ಚಿಕ್ಕಪ್ಪ, 3:02
ನಾನು ಒಪ್ಪಿಕೊಂಡಿದ್ದೇನೆ.

ರಾಜಾಜಿನಗರ ಚಿಕ್ಕಮ್ಮ, 3:03
ನಾನು ಒಪ್ಪಿಕೊಂಡಿಲ್ಲ. ಅತ್ತೆಯವರ ಮೇಲೆ ನನಗೆ ಗೌರವವಿದೆ, ಆದರೆ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ, ನನ್ನ 60ನೆಯ ವಯಸ್ಸಿನಲ್ಲಿ, ಬೆಳಗಿನ ಐದೂವರೆಗೆ ಲಿಫ್ಟಿನ ಬಾಗಿಲು ಮುಚ್ಚಲು ನಾನು ತಯಾರಿಲ್ಲ. ಅಕ್ವೇರಿಯಂ ತಂದಾಗ ನೀರು ಬದಲಿಸಿದವರು ಯಾರು ಎಂಬುದನ್ನು ಇವರೇ ಗುಂಪಿಗೆ ತಿಳಿಸಲಿ.

ಬಸವನಗುಡಿ ದೊಡ್ಡಪ್ಪ, 3:20
ನನಗೆ 71. ನಾನು ಹೂಂ ಎಂದರೆ ಗಿಳಿಯೇ ನಗುತ್ತದೆ.

ಮಲ್ಲೇಶ್ವರ ಅತ್ತೆ, 3:34
ನಿವೃತ್ತಿಗೆ ಇನ್ನು ಎರಡು ವರ್ಷ. ಆಮೇಲೆ ನಾಲ್ಕು ಊರು ತಿರುಗಬೇಕೆಂದುಕೊಂಡವಳು ನಾನು. ಈಗಲೇ ಮಾತು ಕೊಡಲಾರೆ.

ಅಜ್ಜಿ, 4:15
ಸರಿ. ನನ್ನ ನಂತರ ಒಂದು ಜೀವ ಬಾಗಿಲಿಂದ ಬಾಗಿಲಿಗೆ ಅಲೆಯುವುದು ನನಗೆ ಬೇಡ. ಪುಟ್ಟಿ, ನೀನು ಕಚೇರಿಗೆ ಹೋದಾಗ ನಿನ್ನ ಬೂದ ಹತ್ತು ಗಂಟೆ ಒಂಟಿ ಎಂದೆಯಲ್ಲ. ಮಲ್ಲೇಶ್ವರದಿಂದ ವಿಜಯನಗರ ಏನು ದೂರವೇ? ಆಟೊದಲ್ಲಿ ವಾರಕ್ಕೆ ಎರಡು ದಿನ ಬಂದು ಕುಳಿತರೆ ನನ್ನ ದಮ್ಮು ಏನು ಮಾಡುತ್ತದೆಯೋ ನೋಡೋಣ. ಆಗದಿದ್ದರೆ ಬಿಟ್ಟರಾಯಿತು.

ನಾನು, 4:22
ಇದು ನನಗೆ ಹೊಳೆದೇ ಇರಲಿಲ್ಲ. ಬನ್ನಿ ಅಜ್ಜಿ. ಮೊದಲು ಭಾನುವಾರ ನಾನು ಇರುವಾಗ ಒಂದು ಗಂಟೆ ಮಾತ್ರ ಕುಳಿತು ನೋಡಿ. ಮಾಸ್ಕ್ ಹಾಕಿಕೊಳ್ಳಿ, ಇನ್‌ಹೇಲರ್ ತನ್ನಿ. ವಾರದ ಮಾತು ವೈದ್ಯರನ್ನು ಕೇಳಿದ ಮೇಲೆ.

ರಾಜಾಜಿನಗರ ಚಿಕ್ಕಪ್ಪ, 4:40
ಭಾನುವಾರ ಕಾರಿನಲ್ಲಿ ನಾನೇ ಕರೆತರುತ್ತೇನೆ. ಮಾರುವವನು ಇಲ್ಲಿಯವರೆಗೆ ಆರು ಸಲ ಫೋನ್ ಮಾಡಿದ್ದಾನೆ, ಅವನ ನಂಬರನ್ನು ಬ್ಲಾಕ್ ಮಾಡಿದ್ದೇನೆ.

ಅಜ್ಜಿ, 5:05
ಅದಕ್ಕೆ ಪೊಂಗಲ್ ಆಗುತ್ತದೆಯೇ?

ನಾನು, 5:09
ಉಪ್ಪು, ತುಪ್ಪ, ಮೆಣಸು ಇಲ್ಲದೆ, ಬರಿಯ ಬೇಯಿಸಿದ ಅಕ್ಕಿ ಮತ್ತು ಹೆಸರುಬೇಳೆ, ಒಂದು ಚಮಚ. ಹನ್ನೊಂದರ ನಂತರ ಬನ್ನಿ, ಆ ಹೊತ್ತಿಗೆ ಅದರ ಸ್ನಾನ ಮುಗಿದು ಪುಡಿ ಕಡಿಮೆಯಿರುತ್ತದೆ. ಕಿವಿಯ ಓಲೆಯನ್ನು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ ಅಜ್ಜಿ, ಹೊಳೆಯುವುದನ್ನು ಕಂಡರೆ ಬೂದ ಬಿಡುವುದಿಲ್ಲ.