ಗೋಲ ಗ್ರಿಲ್‌ಗೆ ರಿಂಗ್ ಕೂರಿಸಿದ ಮೇಲೆ ಬಿಸಿ ಹಿಡಿತಕ್ಕೆ ಸಿಗುತ್ತಿಲ್ಲ

ಬದಿಯಡ್ಕದ ತೋಟದವ:

ಎಲ್ಲರಿಗೂ ನಮಸ್ಕಾರ. ಭಾವ ದುಬಾಯಿಯಿಂದ ಬರುವಾಗ ಕಾರ್ಗೋದಲ್ಲಿ ಒಂದು ಇದ್ದಿಲು ಗ್ರಿಲ್ ಹಾಕಿಸಿ ತಂದಿದ್ದರು. ಮೂರು ಕಾಲಿನ ಮೇಲೆ ಗೋಲ ಬಾಣಲೆ, ಮೇಲೆ ಅಂಥದ್ದೇ ಮುಚ್ಚಳ, 57 ಸೆಂ.ಮೀ. ಅಗಲ. ಎರಡು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಈಗ ನನ್ನ ಕೈಗೆ ಸಿಕ್ಕಿದೆ.

ಇಡೀ ಕೋಳಿ ಇಟ್ಟರೆ ಮುಚ್ಚಳಕ್ಕೆ ತಾಗುತ್ತಿತ್ತು. ಅದಕ್ಕೆ ಬಾಣಲೆಗೂ ಮುಚ್ಚಳಕ್ಕೂ ನಡುವೆ 15 ಸೆಂ.ಮೀ. ಎತ್ತರದ ರಿಂಗ್ ಮಾಡಿ ಕೂರಿಸಿದೆ. ತಗಡು ಬಗ್ಗಿಸಿ, ತುದಿ ಒಂದರ ಮೇಲೊಂದು ಇಟ್ಟು ನಾಲ್ಕು ರಿವೆಟ್ ಹೊಡೆದೆ. ಕೋಳಿ ಸಿಕ್ಕಿಸುವ ಸರಳು ಹಾಯಿಸಲು ಎರಡು ಬದಿಯಲ್ಲಿ ತೂತು. ಮುಚ್ಚಳದಲ್ಲಿ ಡಯಲ್ ಥರ್ಮಾಮೀಟರ್ ಮೊದಲೇ ಹಾಕಿದ್ದೆ.

ರಿಂಗ್ ಇಲ್ಲದಾಗ ಕೆಳಗಿನ ಗಾಳಿಕಿಂಡಿ ಅರ್ಧ ಮುಚ್ಚಿದರೆ ಮುಳ್ಳು 150ಕ್ಕೆ ನಿಲ್ಲುತ್ತಿತ್ತು. ಈಗ ಪೂರ್ತಿ ಮುಚ್ಚಿದರೂ 230, 240. ಭಾನುವಾರದ ಕೋಳಿ ಹೊರಗೆಲ್ಲ ಕರಿ, ತೊಡೆ ಕೊಯ್ದರೆ ಎಲುಬಿನ ಹತ್ತಿರ ಹಸಿ. ಅಲ್ ಫಾಮ್ ತಿನ್ನಿಸುತ್ತೇನೆ ಅಂತ ಕರೆದ ನೆಂಟರಿಗೆ ಕೊನೆಗೆ ಕುಕ್ಕರಿನಲ್ಲಿ ಮೂರು ವಿಸಿಲ್ ಹಾಕಿಸಿ ಬಡಿಸಿದೆವು. ಇದ್ದಿಲು ಮನೆಯಲ್ಲೇ ಸುಟ್ಟದ್ದು, ತೆಂಗಿನ ಗೆರಟೆಯದ್ದು. ಎಲ್ಲಿ ತಪ್ಪಿದೆ?

ಉಪ್ಪಳದ ಕಡಲಬದಿ:

ಸುಲಭ ಉಂಟು. ಬಾಣಲೆಯ ಅಡಿಗೆ ನಾಲ್ಕು ಬೊಗಸೆ ಒದ್ದೆ ಹೊಯಿಗೆ (ಮರಳು) ಹಾಕಿ, ಬಿಸಿ ಇಳಿಯುತ್ತದೆ. ಸಂದಿ ಇದ್ದರೆ ಬಾಯ್ಲರಿಗೆ ಸುತ್ತುವ ಬಿಳಿ ಹಗ್ಗ ಸಿಗುತ್ತದಲ್ಲ, ಅದನ್ನು ಸುತ್ತಿಬಿಡಿ.

ಕುಂಬ್ಳೆ ವೆಲ್ಡಿಂಗ್:

ಹೊಯಿಗೆ ಬೇಡ ಮಾರಾಯ್ರೆ. ಅದು ಕಿಂಡಿಯ ಬ್ಲೇಡಿನ ಸಂದಿಗೆ ಇಳಿದು ಬ್ಲೇಡೇ ತಿರುಗುವುದಿಲ್ಲ. ಒದ್ದೆಯದ್ದಾದರೆ ತುಕ್ಕು ಬೇರೆ. ಆ ಬಿಳಿ ಹಗ್ಗವಂತೂ ಮುಟ್ಟಲೇಬೇಡಿ. ಹಳೇ ಸ್ಟಾಕ್ ಆದರೆ ಕಲ್ನಾರಿನದ್ದು ಇರಬಹುದು. ಅದರ ನಾರು ಉಸಿರಿನಲ್ಲಿ ಒಳಗೆ ಹೋದರೆ ಕ್ಯಾನ್ಸರ್ ತರುತ್ತದೆ.

ತೋಟದವರೇ, ನನಗೆ ಮೂರು ವಿಷಯ ಬೇಕು. ರಿಂಗಿನ ತಗಡು ಯಾವುದು? ಥರ್ಮಾಮೀಟರ್ ಕುದಿಯುವ ನೀರಿಗೆ ಇಟ್ಟರೆ ಎಷ್ಟು ತೋರಿಸುತ್ತದೆ? ಮೂರನೆಯದ್ದು, ರಾತ್ರಿ ಲೈಟ್ ಆರಿಸಿ, ಬಾಣಲೆಯೊಳಗೆ ಟಾರ್ಚ್ ಉರಿಸಿಟ್ಟು ಮುಚ್ಚಳ ಹಾಕಿ. ಬೆಳಕು ಎಲ್ಲಿಂದ ಹೊರಗೆ ಬರುತ್ತದೆ ನೋಡಿ.

ಬದಿಯಡ್ಕದ ತೋಟದವ:

ನಿನ್ನೆ ರಾತ್ರಿಯೇ ನೋಡಿದೆ. ಕೊಟ್ಟಿಗೆಯ ಗೋಡೆ ತುಂಬ ಬೆಳಕಿನ ಗೆರೆ! ರಿಂಗ್ ಬಾಣಲೆಯ ಅಂಚಿಗೆ ಕೂರುವಲ್ಲಿ, ರಿವೆಟ್ ಹೊಡೆದ ಕಡೆಯಲ್ಲಿ ಒಂದು ಗೇಣು ಉದ್ದಕ್ಕೆ ಸಂದಿ. 3 ಮಿ.ಮೀ. ಡ್ರಿಲ್ ಬಿಟ್ ಸಲೀಸಾಗಿ ಒಳಗೆ ಹೋಗುತ್ತದೆ. ಸರಳಿನ ತೂತುಗಳಿಂದಲೂ ಚೆನ್ನಾಗಿ ಬೆಳಕು ಬರುತ್ತಿತ್ತು.

ಕುದಿಯುವ ನೀರಿನಲ್ಲಿ ಮುಳ್ಳು 92ಕ್ಕೆ ನಿಂತಿತು. ತಗಡು ಮಾಡಿಗೆ ದಂಬೆ ಹಾಕಿಸಿ ಉಳಿದ ಜಿಐ ಶೀಟು.

ಕುಂಬ್ಳೆ ವೆಲ್ಡಿಂಗ್:

ಹಾಗಾದರೆ ಮೊದಲು ಜಿಐ ವಿಷಯ. ಅದರಲ್ಲಿ ಇನ್ನು ಊಟದ ಸಾಮಾನು ಇಡಬೇಡಿ. ಕಬ್ಬಿಣದ ಮೇಲೆ ಇರುವುದು ಸತುವಿನ ಲೇಪ. 200 ಡಿಗ್ರಿ ದಾಟಿದ ಬಿಸಿಯಲ್ಲಿ ತುಂಬ ಹೊತ್ತು ಇದ್ದರೆ ಲೇಪ ಏಳಲು ಶುರುವಾಗುತ್ತದೆ. 419ಕ್ಕೆ ಸತು ಕರಗುತ್ತದೆ. ಕೆಂಡ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ, ಅದು ರಿಂಗಿಗೆ ಒರಗಿಕೊಂಡರೆ ಕಥೆ ಮುಗಿಯಿತು. ಜಿಐ ಪೈಪ್ ವೆಲ್ಡ್ ಮಾಡಿ ಆ ಬಿಳಿ ಹೊಗೆ ಕುಡಿದು ಸಂಜೆಗೆ ನಡುಗುವ ಜ್ವರ ಬಂದದ್ದು ನನಗೇ ಉಂಟು. ಗ್ರಿಲ್‌ನಲ್ಲಿ ಅಷ್ಟೆಲ್ಲ ಆಗಲಿಕ್ಕಿಲ್ಲ. ಆದರೂ ತಿನ್ನುವ ವಸ್ತುವಿನ ಪಕ್ಕ ಅದು ಯಾಕೆ?

ಇನ್ನು ಬಿಸಿಯ ವಿಷಯ. ಒಂದು ಗೇಣು ಅಂದರೆ 20 ಸೆಂ.ಮೀ. ಹಿಡಿಯೋಣ. 3 ಮಿ.ಮೀ. ಸಂದಿಗೆ ಗುಣಿಸಿದರೆ 6 ಚದರ ಸೆಂ.ಮೀ. ಅದು ಎರಡೂಮುಕ್ಕಾಲು ಸೆಂ.ಮೀ. ಅಗಲದ ಒಂದು ತೂತಿಗೆ ಸಮ. ನೀವು ಕೆಳಗಿನ ಕಿಂಡಿ ಮುಚ್ಚಿದ್ದೀರಿ, ಆದರೆ ಬೆಂಕಿಗೆ ಬೇರೆ ಬಾಗಿಲು ತೆರೆದೇ ಉಂಟು. ಬಿಸಿಗಾಳಿ ಮೇಲಿನ ಕಿಂಡಿಯಿಂದ, ಸರಳಿನ ತೂತಿನಿಂದ ಹೊರಗೆ ಹೋಗುತ್ತದೆ. ಅಷ್ಟೇ ಗಾಳಿ ಕೆಳಗಿನ ಸಂದಿಯಿಂದ ಒಳಗೆ ಬರುತ್ತದೆ. ಬೆಂಕಿ ಬೇಯಿಸುವ ಮನುಷ್ಯನ ಮಾತು ಕೇಳುವುದಿಲ್ಲ, ಗಾಳಿಯ ಮಾತು ಕೇಳುತ್ತದೆ.

ಹೊಸ ರಿಂಗಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ದಮ್ ಬಿರಿಯಾನಿಯ ಪಾತ್ರೆಗೆ ಮೈದಾ ಹಿಟ್ಟು ಮೆತ್ತುತ್ತಾರಲ್ಲ, ಹಾಗೆ ರಿಂಗಿನ ಮೇಲೆ, ಕೆಳಗೆ, ಸರಳಿನ ತೂತಿಗೆ ಮೆತ್ತಿ. ಬಯಲಿನಲ್ಲಿ ಇಡಿ. ಕೋಳಿ ಗೀಳಿ ಬೇಡ. ಎರಡು ಹಿಡಿ ಕೆಂಡ ಸಾಕು, ನಟ್ಟ ನಡುವೆ, ರಿಂಗಿನಿಂದ ದೂರ.

ಥರ್ಮಾಮೀಟರ್ 8 ಡಿಗ್ರಿ ಕಡಿಮೆ ತೋರಿಸುವುದು ದೊಡ್ಡ ತಪ್ಪಲ್ಲ. ಕೆಲವು ಡಯಲ್‌ಗಳ ಹಿಂದೆ ಒಂದು ನಟ್ ಇರುತ್ತದೆ, ಕುದಿಯುವ ನೀರಿನಲ್ಲಿ ಇಟ್ಟುಕೊಂಡೇ ಅದನ್ನು ತಿರುಗಿಸಿ 100ಕ್ಕೆ ತನ್ನಿ. ಆದರೆ ಅದು ಮುಚ್ಚಳದ ಬಿಸಿ ಹೇಳುತ್ತದೆ, ಜಾಲರಿಯ ಬಿಸಿ ಅಲ್ಲ. ಕೆಂಡದ ನೇರ ಮೇಲೆ ಇದ್ದರಂತೂ ಮುಳ್ಳು ಸುಮ್ನೆ ಹೆದರಿಸುತ್ತದೆ.

ನೀರ್ಚಾಲಿನಿಂದ ಒಬ್ಬ:

ಮಧ್ಯೆ ಬಾಯಿ ಹಾಕುತ್ತೇನೆ. ಇದ್ದಿಲು ಸರಿಯಾಗಿ ಸುಟ್ಟಿದೆಯೋ ನೋಡಿ. ಗೆರಟೆ ಇದ್ದಿಲನ್ನು ಕಲ್ಲಿನ ಮೇಲೆ ಹಾಕಿದರೆ ಟಣ್ ಅನ್ನಬೇಕು. ಮುರಿದರೆ ಒಳಗೆ ಹೊಳಪು ಇರಬೇಕು. ಡೊಬ್ ಅಂದರೆ ಒಳಗೆ ಇನ್ನೂ ಹಸಿ ಇದೆ, ಅದು ಹಳದಿ ಹೊಗೆ ಬಿಟ್ಟು ಕೋಳಿಯನ್ನು ಕಹಿ ಮಾಡುತ್ತದೆ. ಚೂರುಗಳನ್ನು ಜರಡಿ ಹಿಡಿದು ತೆಗೆಯಿರಿ. ಅವು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ನಿಮ್ಮ 240ಕ್ಕೆ ಅವುಗಳ ಪಾಲೂ ಇರಬಹುದು.

ಮತ್ತೆ, ಪರಿಮಳಕ್ಕೆ ಅಂತ ಗೇರುಬೀಜದ ಸಿಪ್ಪೆ ಹಾಕುವವರು ಇದ್ದಾರೆ. ದಯವಿಟ್ಟು ಬೇಡ. ಆ ಎಣ್ಣೆ ಕೈಗೆ ತಾಗಿದರೇ ಚರ್ಮ ಏಳುತ್ತದೆ.

ಉಪ್ಪಳದ ಕಡಲಬದಿ:

ಹೊಯಿಗೆ ಮಾತು ವಾಪಸ್ ತಗೊಂಡೆ. ಆದರೆ ಶಾಖ ತಡೆಯಲು ಕೆಂಡಕ್ಕೂ ಕೋಳಿಗೂ ನಡುವೆ ಮುರಕಲ್ಲಿನ ತುಂಡು ಇಟ್ಟರೆ ಆಗುತ್ತದಾ? ಮನೆ ಕಟ್ಟಿ ಉಳಿದದ್ದು ಬೇಕಾದಷ್ಟು ಉಂಟು.

ಕುಂಬ್ಳೆ ವೆಲ್ಡಿಂಗ್:

ಮುರಕಲ್ಲು ನೀರು ಕುಡಿದಿರುತ್ತದೆ. ಒಮ್ಮೆಲೇ ಕಾಯಿಸಿದರೆ ಒಡೆದು ಸಿಡಿಯಬಹುದು. ಕಣ್ಣಿಗೆ ಬಿದ್ದರೆ? ಚೆನ್ನಾಗಿ ಸುಟ್ಟ, ಒಣಗಿದ ಇಟ್ಟಿಗೆ ಇಡಿ.

ಅಂದ ಹಾಗೆ, ಇಂಥ ಗೋಲ ಗ್ರಿಲ್ ಹುಟ್ಟಿದ್ದೇ ಹೀಗೆ ಏನೋ ಕೊಯ್ದು ಜೋಡಿಸಿ. 1952ರಲ್ಲಿ ಶಿಕಾಗೋದ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಸಮುದ್ರದಲ್ಲಿ ತೇಲಿಸುವ ಬೋಯ್‌ನ ಗೋಲವನ್ನು ಅರ್ಧ ಮಾಡಿ ಮೊದಲನೆಯದನ್ನು ಮಾಡಿದರು. ಹಾಗಾಗಿ ಕೈಯಾಡಿಸಿದ್ದಕ್ಕೆ ತೋಟದವರು ನಾಚಿಕೊಳ್ಳುವುದೇನೂ ಬೇಡ.

ಬದಿಯಡ್ಕದ ತೋಟದವ:

ಪರೀಕ್ಷೆ ಆಯಿತು. ಮೊದಲು ಹಿಟ್ಟು ಮೆತ್ತದೆ, ಎರಡು ಹಿಡಿ ಕೆಂಡ, ಕೆಳಗಿನ ಕಿಂಡಿ ಪೂರ್ತಿ ಬಂದ್. ಮುಳ್ಳು 170ಕ್ಕೆ ಹೋಗಿ ಅಲ್ಲೇ ಕೂತಿತು.

ಆಮೇಲೆ ಮೈದಾ. ಸುತ್ತಳತೆ 179 ಸೆಂ.ಮೀ., ಮೇಲೆ ಕೆಳಗೆ ಎರಡು ಸುತ್ತು. ಅರ್ಧ ಕಿಲೋ ಹಿಟ್ಟು ಖರ್ಚು. ಬಿಸಿ ತಗಡಿಗೆ ಹಿಟ್ಟು ಹಿಡಿಯುವುದಿಲ್ಲ, ಜಾರಿ ಬೀಳುತ್ತದೆ. ಅಮ್ಮ ಬಂದು ನೋಡಿ, ಹಿಟ್ಟಿಗೆ ಇನ್ನು ಸ್ವಲ್ಪ ನೀರು ಹಾಕು, ಹಪ್ಪಳದ ಹಿಟ್ಟಿನ ಹಾಗೆ ಗಟ್ಟಿ ಕಲಸಿದರೆ ಎಲ್ಲಿ ಅಂಟುತ್ತದೆ ಅಂದರು. ಮೆದು ಮಾಡಿ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ರಿವೆಟ್ ಹತ್ತಿರ ಒತ್ತುವಾಗ ಹಿಟ್ಟು ಸ್ವಲ್ಪ ಒಳಗೇ ಎಳೆದುಕೊಂಡಿತು, ಅಷ್ಟು ಸೆಳೆತ! ಅದು ಮುಚ್ಚಿಕೊಂಡದ್ದೇ ತಡ, ಮುಳ್ಳು ಇಳಿಯಲು ಶುರು. ಇಪ್ಪತ್ತು ನಿಮಿಷಕ್ಕೆ 110. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಕೆಂಡ ಎಲ್ಲ ಕಪ್ಪು.

ಹೊಸ ರಿಂಗ್ ಹೇಗೆ ಮಾಡಿಸಲಿ?

ಕುಂಬ್ಳೆ ವೆಲ್ಡಿಂಗ್:

304 ನಂಬರಿನ ತುಕ್ಕು ಹಿಡಿಯದ ಸ್ಟೀಲ್, 1.2 ಮಿ.ಮೀ. ದಪ್ಪ. ರಿವೆಟ್ ಬೇಡ, ತುದಿಗೆ ತುದಿ ತಂದು ವೆಲ್ಡ್. ಒಳಬದಿಯಲ್ಲಿ ಸುತ್ತ 3 ಸೆಂ.ಮೀ. ಪಟ್ಟಿ ಹಾಕಿಸಿ, ಪಟ್ಟಿಯ ಅರ್ಧ ಭಾಗ ಬಾಣಲೆಯ ಒಳಗೆ ಇಳಿಯುವ ಹಾಗೆ. ಆಗ ರಿಂಗ್ ಜಾರುವುದೂ ಇಲ್ಲ, ಸಂದಿಯೂ ಇಲ್ಲ. ಅಳತೆ ಹೇಳುವಾಗ ಬಾಣಲೆಯನ್ನೇ ವರ್ಕ್‌ಶಾಪಿಗೆ ಹೊತ್ತುಕೊಂಡು ಹೋಗಿ. ಈ ಬಾಣಲೆಗಳು ಪೂರ್ತಿ ಗೋಲ ಇರುವುದಿಲ್ಲ, ಕಾರ್ಗೋದಲ್ಲಿ ಬಂದದ್ದಂತೂ ಅಲ್ಲವೇ ಅಲ್ಲ. ಸರಳಿನ ತೂತಿಗೆ ಎರಡು ದೊಡ್ಡ ವಾಷರ್. ಮುಚ್ಚಳದ ಅಂಚಿಗೆ ಬೇಕಾದರೆ ಗ್ಲಾಸ್ ಫೈಬರ್ ಹಗ್ಗ, ಪ್ಯಾಕೆಟ್ ಮೇಲೆ ಹಾಗೆಂದು ಬರೆದಿದ್ದರೆ ಮಾತ್ರ.

ಬೇಯಿಸುವಾಗ ಕೆಂಡ ಒಂದು ಬದಿ, ಕೋಳಿ ಇನ್ನೊಂದು ಬದಿ, ಮುಚ್ಚಳದ ಕಿಂಡಿ ಕೋಳಿಯ ಮೇಲೆ. ಮೇಲಿನ ಕಿಂಡಿ ತೆರೆದೇ ಇರಲಿ, ಕೆಳಗಿನದ್ದರಲ್ಲೇ ಆಟ ಆಡಿ. ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಕಿಂಡಿ ಪಡುವಣಕ್ಕೆ ಮುಖ ಮಾಡಿರಬಾರದು. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡುವ ಚಾಳಿ ಇದ್ದರೆ ಬಿಡಿ.

ಬದಿಯಡ್ಕದ ತೋಟದವ:

ಹದಿನೈದು ದಿನ ಕಳೆದು ಬರೆಯುತ್ತಿದ್ದೇನೆ. ರಿಂಗ್ ಬಂತು. ಕೆಳಗಿನ ಕಿಂಡಿ ಕಾಲು ಭಾಗ ತೆರೆದರೆ 180, ಒಂದು ಗಂಟೆ ಅಲ್ಲಾಡಲಿಲ್ಲ. ಒಂದೂಕಾಲು ಕಿಲೋದ ಕೋಳಿ, ಗಂಟೆ ಇಪ್ಪತ್ತು ನಿಮಿಷ. ತೊಡೆಯ ಒಳಗೆ ಕಡ್ಡಿ ಥರ್ಮಾಮೀಟರ್ ಚುಚ್ಚಿದರೆ 78. 74 ಆದರೆ ಸಾಕಂತೆ, ಆದರೆ ಭಾನುವಾರದ ಹೆದರಿಕೆ ಇನ್ನೂ ಹೋಗಿಲ್ಲ. ಜಿಐ ರಿಂಗನ್ನು ಅಮ್ಮ ಬಸಳೆಯ ಬುಡಕ್ಕೆ ಇಟ್ಟು ಗೊಬ್ಬರ ತುಂಬಿಸಿದ್ದಾರೆ.

ಈಗ ಗ್ರಿಲ್‌ನ ಒಂದು ಕಾಲು ತುಕ್ಕು ಹಿಡಿದು ಅಲ್ಲಾಡುತ್ತಿದೆ. ಅಲ್ಲಿಗೆ ಜಿಐ ಪೈಪ್ ಆಗಬಹುದಲ್ಲ?

ಕುಂಬ್ಳೆ ವೆಲ್ಡಿಂಗ್:

ಕಾಲಿಗೆ ಆಗಬಹುದು, ಅಲ್ಲಿಗೆ ಬಿಸಿ ಹೋಗುವುದಿಲ್ಲ. ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ.