ಸಹಾಯ ಬೇಕು: ಮೇಜಿನ ಮೇಲಾಡುವ ಪಾತ್ರಾಭಿನಯದ ಆಟಗಳಿಗೆ ಬರೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂತಹ ಆಟಗಳ ಪ್ರಕಾಶಕರಿಗೆ ಫ್ರೀಲ್ಯಾನ್ಸ್ ಆಗಿ ಸಾಹಸಕಥೆಗಳನ್ನು ಬರೆದುಕೊಡಬೇಕೆಂಬುದು ನನ್ನ ಬಹುದಿನದ ಆಸೆ.

ಆರು ತಿಂಗಳು ಕುಳಿತು ಇಂಗ್ಲಿಷಿನಲ್ಲಿ ಒಂದನ್ನು ಬರೆದು ಮುಗಿಸಿದ್ದೇನೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತೂಬಿನ ಕಲ್ಲುಗಂಬದ ಬುಡದಲ್ಲಿ ಬಾಗಿಲೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ತೆರೆದರೆ ಆ ಕೆರೆಯಲ್ಲಿ ಮತ್ತೆಂದೂ ನೀರು ನಿಲ್ಲುವುದಿಲ್ಲವೆಂದು ಊರ ನೀರುಗಂಟಿ ಎಚ್ಚರಿಸುತ್ತಾನೆ, ಮುಂದಿನದನ್ನು ಆಟಗಾರರೇ ತೀರ್ಮಾನಿಸಬೇಕು.

2016ರಲ್ಲಿ ಆರಂಭವಾದ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬರಹಗಳನ್ನು ಮಾರುವ ಆನ್‌ಲೈನ್ ತಾಣವಾದ ಡಿಎಂಸ್ ಗಿಲ್ಡ್‌ನಲ್ಲಿ ಇದನ್ನು ನಾನೇ ಪ್ರಕಟಿಸಬಹುದು, ಮಾರಾಟದ ಅರ್ಧಪಾಲು ಲೇಖಕನಿಗೆ ಸಿಗುತ್ತದೆ, ಆದರೆ ಅಲ್ಲಿ ಹಾಕಿದ್ದನ್ನು ಬೇರೆಡೆ ಮಾರುವಂತಿಲ್ಲ. 2023ರಲ್ಲಿ ಆ ಆಟದ ಮೂಲ ನಿಯಮಗಳು, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಮೇಲೆ, ಸ್ವತಂತ್ರವಾಗಿ ಪ್ರಕಟಿಸಿ ಹಕ್ಕನ್ನು ನನ್ನಲ್ಲೇ ಉಳಿಸಿಕೊಳ್ಳುವ ದಾರಿಯೂ ತೆರೆದಿದೆ. ನನ್ನ ಮನಸ್ಸು ಅತ್ತಲೇ ವಾಲುತ್ತಿದೆ. ಪ್ರಕಾಶಕರಿಗೆ ಮಾದರಿ ಬರಹವಾಗಿ ತೋರಿಸಲು ಇವೆರಡರಲ್ಲಿ ಯಾವುದು ಹೆಚ್ಚು ಉಪಯುಕ್ತವೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಪದಕ್ಕಿಷ್ಟೆಂದು ಸಂಭಾವನೆ ಕೊಟ್ಟು, ಬರಹದ ಸಂಪೂರ್ಣ ಹಕ್ಕನ್ನು ಪ್ರಕಾಶಕರೇ ಪಡೆಯುತ್ತಾರೆ. ಹೀಗಿರುವಾಗ ಕರಾರಿನಲ್ಲಿ ಯಾವ ಅಂಶಗಳನ್ನು ಗಮನಿಸಬೇಕು, ಮತ್ತು ಹೊಸಬನೊಬ್ಬ ಮೊದಲ ಪತ್ರದಲ್ಲಿ ಏನೇನು ಬರೆಯಬೇಕು? ನನ್ನ ಕರಡನ್ನು ಮೇಜಿನ ಮೇಲೆ ಆಡಿ ನೋಡಿ, ಎಡವಿದ ಕಡೆ ಗುರುತು ಹಾಕಿಕೊಡುವ ನಾಲ್ವರು ಸಿಕ್ಕರೆ ನಾನು ಬಹಳ ಋಣಿಯಾಗಿರುತ್ತೇನೆ.