ಪದಚರ್ಚೆ: ಡಿಜಿಟಲ್ ಗೇಮ್ ‘ಖರೀದಿ’ಗೆ ಒಪ್ಪುವ ಕನ್ನಡ ಯಾವುದು?

ಬಳಗದವರಿಗೆ ನಮಸ್ಕಾರ.

ಗ್ರಾಹಕರಿಗೆ ಹಂಚಲು ಒಂದು ಮಾಹಿತಿ ಪತ್ರ ಸಿದ್ಧವಾಗುತ್ತಿದೆ. ಸ್ಟೀಮ್‌ನಂಥ ಆನ್‌ಲೈನ್ ಮಳಿಗೆಗೆ ದುಡ್ಡು ಕೊಟ್ಟಾಗ ಸಿಗುವುದು ಗೇಮ್ ಅಲ್ಲ, ಅದನ್ನು ಆಡುವ ಲೈಸೆನ್ಸ್. ಇದಕ್ಕೆ ‘ಪರವಾನಗಿ’ ಎಂದರೆ ಸಾಕೆ? ಭೋಗ್ಯ, ಗುತ್ತಿಗೆ ಇವುಗಳಲ್ಲಿ ಯಾವುದಾದರೂ ಹೊಂದೀತೆ?

ಸಾಗರದಿಂದ

ಉತ್ತರ:

ನಮಸ್ಕಾರ ಮೇಡಂ.

‘ಪರವಾನಗಿ’ ಬೇಡವೆಂದೇ ನನ್ನ ಮತ. ಆ ಮಾತಿಗೆ ಕೋವಿ, ಮದ್ಯದಂಗಡಿ, ಅಕ್ಕಿ ಗಿರಣಿ ಕಣ್ಣಮುಂದೆ ಬರುತ್ತವೆ. ಕೊಡುವುದು ಸರ್ಕಾರ, ಕಾಲಕಾಲಕ್ಕೆ ನವೀಕರಣ. ಗೇಮಿನದು ಖಾಸಗಿ ಕಂಪನಿ ಕೊಡುವ ಅನುಮತಿ, ಎಷ್ಟು ಕಾಲಕ್ಕೆಂದು ಹೇಳಿಯೂ ಇರುವುದಿಲ್ಲ. ಭೋಗ್ಯ ಇನ್ನೂ ದೂರ: ಭೋಗ್ಯದ ಮನೆ ಬಿಟ್ಟಾಗ ಕೊಟ್ಟ ಹಣ ವಾಪಸ್ ಬರಬೇಕು. ಗುತ್ತಿಗೆಗೆ ಅವಧಿ ಬೇಕು. ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿದವರಿಗೂ ಯಾವ ಫಸಲಿನವರೆಗೆ ಎಂಬುದು ಮೊದಲೇ ಗೊತ್ತು.

ಮಲೆನಾಡಿನಲ್ಲಿ ಇದಕ್ಕೆ ತೀರ ಹತ್ತಿರದ್ದು ಸೊಪ್ಪಿನಬೆಟ್ಟ. ತೋಟದವರು ಆ ಬೆಟ್ಟದಿಂದ ತೋಟಕ್ಕೆ ಸೊಪ್ಪು ತರಬಹುದು, ನೆಲ ಸರ್ಕಾರದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಒಡೆತನ ಎನ್ನದೆ ಸವಲತ್ತು ಎನ್ನುತ್ತದೆ. ಬೆಟ್ಟವನ್ನು ತೋಟದಿಂದ ಬಿಡಿಸಿ ಮಾರಲಾಗದ ಹಾಗೆ ಗೇಮನ್ನೂ ಖಾತೆಯಿಂದ ಬಿಡಿಸಿ ಮಾರಲಾಗದು. ಆದರೆ ತೋಟ ಕೈಬದಲಾದರೆ ಸೊಪ್ಪಿನ ಸವಲತ್ತೂ ಜೊತೆಗೆ ಹೋಗುತ್ತದೆ. ಸ್ಟೀಮ್ ಖಾತೆಯನ್ನು ಬೇರೆಯವರಿಗೆ ದಾಟಿಸಲು ಅದರ ಕರಾರು ಬಿಡುವುದಿಲ್ಲ. ಅಷ್ಟರಮಟ್ಟಿಗೆ ಗೇಮಿನ ಹಕ್ಕು ಸೊಪ್ಪಿನಬೆಟ್ಟಕ್ಕಿಂತಲೂ ಬಡವು.

‘ಖಾತೆ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ‘ಹೆಸರಿಗೆ ಖಾತೆ ಆಯಿತು’ ಎಂದರೆ ಜಾಗ ನಮ್ಮದಾಯಿತು ಎಂದೇ ಜನ ತಿಳಿಯುತ್ತಾರೆ (ಅಲ್ಲಿಯೂ ಅದು ಬರೀ ಕಂದಾಯದ ದಾಖಲೆ, ಅದೊಂದರಿಂದಲೇ ಒಡೆತನ ಬರುವುದಿಲ್ಲ). ಹಾಗಾಗಿ ಪತ್ರದಲ್ಲಿ ‘ಗೇಮ್ ನಿಮ್ಮ ಖಾತೆಯಲ್ಲಿದೆ’ ಎಂದು ಬರೆಯಬೇಡಿ, ‘ನಿಮ್ಮ ಲಾಗಿನ್‌ನಿಂದ ಆಡಬಹುದು’ ಎನ್ನಿ.

ನನ್ನ ಸೂಚನೆ ‘ಬಳಕೆಹಕ್ಕು’. ವಸ್ತು ಕೈಸೇರಿಲ್ಲ ಎಂಬುದು ‘ಬಳಕೆ’ಯಲ್ಲಿದೆ, ಕೇಳುವ ಬಲ ‘ಹಕ್ಕು’ವಿನಲ್ಲಿದೆ. ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಯಾವತ್ತೂ ಆಡಬಹುದಾದ ಗೇಮಿಗೆ ‘ಖರೀದಿ’ ಎಂಬ ಮಾತನ್ನು ಮೀಸಲಿಡಿ. ಕ್ಯಾಲಿಫೋರ್ನಿಯಾದ ಎಬಿ 2426 ಕಾಯ್ದೆ ಗೆರೆ ಎಳೆದಿರುವುದೂ ಇಲ್ಲಿಯೇ. 2025ರ ಜನವರಿ 1ರಿಂದ ಅಲ್ಲಿ, ಸಿಗುವುದು ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಬೈ’ (ಕೊಳ್ಳಿ) ಎಂಬ ಮಾತು ಬಳಸುವಂತಿಲ್ಲ. ಆಫ್‌ಲೈನ್‌ನಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಡೌನ್‌ಲೋಡ್‌ಗೆ ವಿನಾಯಿತಿ. ಡಿಸ್ಕ್ ಕೈಯಲ್ಲಿದ್ದರೆ ‘ಖರೀದಿ’ ಎನ್ನಬಹುದೆ? ಎಲ್ಲ ಸಲವೂ ಅಲ್ಲ. 2014ರ ‘ದಿ ಕ್ರೂ’ ಎಂಬ ಗೇಮ್ ಒಬ್ಬರೇ ಆಡುವುದಕ್ಕೂ ಸರ್ವರ್ ಬೇಡುತ್ತಿತ್ತು. 2024ರ ಮಾರ್ಚ್ 31ಕ್ಕೆ ಅದರ ಕಂಪನಿ ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಇದ್ದವರಿಗೂ ಗೇಮ್ ಇಲ್ಲವಾಯಿತು. ನಿಂಟೆಂಡೊ ಸ್ವಿಚ್ 2 ಎಂಬ ಗೇಮ್ ಯಂತ್ರದ ಗೇಮ್-ಕೀ ಕಾರ್ಡಿನಲ್ಲಿಯೂ ಗೇಮ್ ಇರುವುದಿಲ್ಲ, ಇಳಿಸಿಕೊಳ್ಳುವ ಕೀಲಿ ಮಾತ್ರ.

ದೂರು ಬರೆಯುವಾಗ ಈ ಪದಗಳ ತೂಕ ಹೆಚ್ಚು. ‘ನನ್ನ ಸ್ವತ್ತು ಕಸಿದರು’ ಎಂದು ಬರೆದರೆ ಎದುರಿನವರು ಕರಾರು ತೋರಿಸಿ, ಸ್ವತ್ತು ಕೊಟ್ಟೇ ಇಲ್ಲ ಎನ್ನುತ್ತಾರೆ. ‘ಖರೀದಿ ಎಂದು ಹಣ ಪಡೆದು, ಹಿಂದಕ್ಕೆ ಕಿತ್ತುಕೊಳ್ಳಬಹುದಾದ ಬಳಕೆಹಕ್ಕನ್ನಷ್ಟೇ ಕೊಟ್ಟರು’ ಎಂದು ಬರೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಣ ಕೊಟ್ಟು ಸೇವೆ ಪಡೆದವರೂ ಗ್ರಾಹಕರೇ, ಒಡೆತನ ಸಾಬೀತು ಮಾಡಬೇಕಿಲ್ಲ. ಹಣ ಕಟ್ಟುವ ಮೊದಲೇ ಬಟನ್ ಮೇಲಿನ ಮಾತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಪುಟ ಆಮೇಲೆ ಬದಲಾದರೆ ಬಿಲ್ ಒಂದರಿಂದಲೇ ಆ ಮಾತು ಸಾಬೀತಾಗದು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ: 2020ರ ಇ-ಕಾಮರ್ಸ್ ನಿಯಮಗಳಂತೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಸಿಗಬೇಕು. ಆಮೇಲೆ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ದೂರುದಾರರು ವಾಸಿಸುವ ಊರಿನಲ್ಲೇ ದಾವೆ ಹೂಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ.

ಇನ್ನೆರಡು ಪದಗಳನ್ನು ಬೆರೆಸಬೇಡಿ. ತಪ್ಪು ಹೆಸರಿಟ್ಟು ಮಾರಿದ್ದು ‘ಅನುಚಿತ ವ್ಯಾಪಾರ ಪದ್ಧತಿ’, ಅದು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ. ಕರಾರಿನ ಷರತ್ತೇ ಅನ್ಯಾಯದ್ದು ಎಂದು ವಾದಿಸಿದರೆ ಅದು ‘ಅನುಚಿತ ಕರಾರು’, ಕೇಳುವ ಅಧಿಕಾರ ರಾಜ್ಯ ಆಯೋಗದ್ದು. ಗೇಮಿನ ಬೆಲೆ 500 ರೂಪಾಯಿ ಇದ್ದರೂ ಬೆಂಗಳೂರಿಗೇ ಹೋಗಬೇಕು.

ತೀರ್ಥಹಳ್ಳಿಯಿಂದ